ಒಂದನೇ ನಂಬರು

ಗಿರಿಜಾಂಬಾಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅನ್ನೋದು ಕ್ಲಬ್ಬಿಗೆಲ್ಲ ಗೊತ್ತಿದ್ದ ಮಾತು. ಹಾಗಿದ್ದೂ, ತೊಂಬತ್ತೆಂಟರ ಆ ಜನವರಿ ಭಾನುವಾರ ಅವಳು ಶಿವಕಿರಣನಿಗೆ ಬೈದದ್ದನ್ನು ಕೇಳಿ, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಕ್ಲಬ್ಬಿದ್ದ ಕಟ್ಟಡದ ಕೆಳಗೆ ಮೆಣಸಿನಕಾಯಿ ಮೂಟೆ ಇಳಿಸುತ್ತಿದ್ದ ಹಮಾಲರೂ ಕೆಲಸ ನಿಲ್ಲಿಸಿ ಮೇಲೆ ನೋಡಿದರು.

"ಹೋದೋರ ಹೆಸರು ಬರ್ಕೊಂಡು ಅಂಕ ತಗೊಳ್ಳೋಕೆ ನಾಚ್ಕೆ ಆಗಲ್ವೇನೋ ನಿಂಗೆ? ನಮ್ಮನೆಯವರು ಹೋಗಿ ಇನ್ನೂ ಮೂರು ತಿಂಗಳು ತುಂಬಿಲ್ಲ. ಅವರ ಹತ್ರಾನೇ ರೇಡಿಯೋ ಕಲಿತೋನು ನೀನು. ಅವರ ಜೊತೆ ಮಾತಾಡ್ದೆ ಅಂತ ಬರ್ದಿದ್ದೀಯಲ್ಲ, ಎಲ್ಲಿಗೆ ಹೋಗಿ ಮಾತಾಡ್ಕೊಂಡು ಬಂದೆ?"

ಶಿವಕಿರಣ ಇಪ್ಪತ್ತೆಂಟು ವರ್ಷದ ಗಂಡಸು, ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಟೆಕ್ನಿಷಿಯನ್, ಸುಮ್ಮನೆ ಕೈಕಟ್ಟಿಕೊಂಡು ನಿಂತಿದ್ದ. ಅವಳ ಮುಖವನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ, ಒಂದು ಥರ ಅಯ್ಯೋ ಪಾಪ ಅನ್ನೋ ಭಾವ ಇತ್ತು. ಅದನ್ನು ಕಂಡೇ ಅವಳಿಗೆ ಇನ್ನಷ್ಟು ಉರಿ ಹತ್ತಿತು. ತಪ್ಪು ಮಾಡಿದವನು ತಲೆ ತಗ್ಗಿಸಬೇಕು, ಇವನು ನನ್ನ ಮೇಲೇ ಕನಿಕರ ತೋರಿಸ್ತಾನಲ್ಲ ಅಂದುಕೊಂಡಳು.

ವಿಷಯ ಏನಪ್ಪಾ ಅಂದರೆ, ಇವರೆಲ್ಲ ಹ್ಯಾಮ್ ರೇಡಿಯೋದವರು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತಗೊಂಡು, ಮನೆಯಲ್ಲೇ ಸೆಟ್ ಇಟ್ಟುಕೊಂಡು ಗಾಳಿಯಲ್ಲಿ ಮಾತಾಡುವ ಹವ್ಯಾಸದವರು. ಒಬ್ಬೊಬ್ಬರಿಗೂ ಸರ್ಕಾರ ಕೊಟ್ಟ ಒಂದು ಕಾಲ್‌ಸೈನ್, ಅದೇ ಅವರ ಹೆಸರು. ವರ್ಷಕ್ಕೊಂದು ಸಲ, ಜನವರಿಯ ಮೊದಲ ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಸ್ಪರ್ಧೆ. ನಾಲ್ಕು ಗಂಟೆಯೊಳಗೆ ಎಷ್ಟು ಜನರೊಂದಿಗೆ ಮಾತಾಡಿದೆ ಅನ್ನೋದೇ ಲೆಕ್ಕ. ಮೊದಲು ಸಿಕ್ಕವರಿಗೆ ಒಂದು ಅಂತ ನಂಬರು ಕೊಡಬೇಕು, ಎರಡನೆಯವರಿಗೆ ಎರಡು, ಹೀಗೆ. ಅವರೂ ತಮ್ಮ ನಂಬರು ಕೊಡುತ್ತಾರೆ. ಕೊಟ್ಟದ್ದು, ಬಂದದ್ದು, ಗಂಟೆ, ಕಾಲ್‌ಸೈನ್, ಎಲ್ಲ ಒಂದು ಹಾಳೆಯಲ್ಲಿ ಬರೆದಿಡಬೇಕು. ಅದಕ್ಕೆ ಲಾಗ್ ಅಂತಾರೆ. ಮುಗಿದ ಮೇಲೆ ಲಾಗುಗಳೆಲ್ಲ ಗಿರಿಜಾಂಬಾ ಕೈಗೆ ಬರುತ್ತವೆ. ಇವನ ಹಾಳೆ, ಅವನ ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡುತ್ತಾಳೆ.

ಈ ಸ್ಪರ್ಧೆ ಹುಟ್ಟುಹಾಕಿದವರು ಅವಳ ಗಂಡ ಪ್ರಭುಸ್ವಾಮಿ. ಲೈಸೆನ್ಸ್ ಇಬ್ಬರಿಗೂ ಇತ್ತು, ಆದರೆ ಗಂಡ ಆಡೋದು, ಹೆಂಡತಿ ತಾಳೆ ನೋಡೋದು. ಹನ್ನೊಂದು ವರ್ಷ ನಡೆದುಬಂದ ಕ್ರಮ. ಇದೆಂಥ ನ್ಯಾಯ ಅಂತ ಯಾರೂ ಕೇಳಲಿಲ್ಲ, ಯಾಕೆಂದರೆ ಒಂದು ವರ್ಷ ಗಂಡನ ಲಾಗಿನಲ್ಲೇ ನಾಲ್ಕು ಅಂಕ ಕಿತ್ತು, ಕಪ್ಪು ಬೇರೆಯವರ ಪಾಲಾಗುವ ಹಾಗೆ ಮಾಡಿದ ಹೆಂಗಸು ಅವಳು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಪ್ರಭುಸ್ವಾಮಿ ಮಾತೇ ಆಡಲಿಲ್ಲ. ಮಾರನೇ ದಿನ ಕ್ಲಬ್ಬಿನಲ್ಲಿ ಎಲ್ಲರಿಗೂ ಅದನ್ನೇ ಹೇಳಿಕೊಂಡು ಮೆರೆದರು.

ಅವರದೇ ಇನ್ನೊಂದು ನಿಯಮ: ಆಗದ ಮಾತುಕತೆಯನ್ನು ಬರೆದರೆ, ಇಲ್ಲವೇ ಆದದ್ದನ್ನು ಬಚ್ಚಿಟ್ಟರೆ, ಒಂದು ಸಾಲೇ ಆಗಲಿ, ಇಡೀ ಲಾಗು ಹೊರಗೆ. ಹೆಸರು ನೋಟಿಸು ಬೋರ್ಡಿಗೆ. ಜನ ತಾವಾಗಿಯೇ ಮಾಡಿಕೊಂಡ ಪದ್ಧತಿಯೂ ಒಂದಿತ್ತು. ಎಂಟು ಹೊಡೆದ ಕೂಡಲೇ ಸುಮಾರು ಜನ ಮೊದಲು ಕರೆಯೋದು ಪ್ರಭುಸ್ವಾಮಿಯವರನ್ನೇ. ಒಂದನೇ ನಂಬರು ಅವರಿಗೆ ಕೊಟ್ಟು ಆಟ ಶುರು ಮಾಡೋದು. ಅವರು ಸಿಕ್ಕರೆ ಐದು ಅಂಕ ಬೇರೆ, ಮಿಕ್ಕವರಿಗೆಲ್ಲ ಒಂದೊಂದೇ.

ಅಕ್ಟೋಬರಿನಲ್ಲಿ ಪ್ರಭುಸ್ವಾಮಿ ಲಿಂಗೈಕ್ಯರಾದರು. ಸ್ಪರ್ಧೆ ನಿಲ್ಲಬಾರದು ಅಂತ ಹಟ ಹಿಡಿದವಳು ಗಿರಿಜಾಂಬಾನೇ.

ಲಾಗುಗಳು ಬಂದವು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಮಧ್ಯಾಹ್ನ ಕೂತು ಬಿಚ್ಚಿದಳು. ಮೊದಲು ಕೈಗೆ ಸಿಕ್ಕಿದ್ದು ಕ್ಲಬ್ಬಿನ ಅಧ್ಯಕ್ಷರು, ಮಂಡಿ ಮೊಹಲ್ಲಾದ ಸಗಟು ವ್ಯಾಪಾರಿ ಸಿದ್ದಲಿಂಗಸ್ವಾಮಿಯವರದು. ಅದು ಎರಡನೇ ನಂಬರಿನಿಂದ ಶುರುವಾಗಿತ್ತು. ಒಂದು ಇಲ್ಲವೇ ಇಲ್ಲ. ಕಾರ್ಯದರ್ಶಿ, ರಿಟೈರ್ಡ್ ಮೇಷ್ಟ್ರು ಸದಾಶಿವಯ್ಯನವರದ್ದೂ ಹಾಗೇ, ಎರಡರಿಂದ. ಅವಳಿಗೆ ಎದೆ ತುಂಬಿ ಬಂತು. ಒಂದನೇ ನಂಬರು ನಮ್ಮನೆಯವರಿಗೆ ಮೀಸಲು ಅಂತ ಖಾಲಿ ಬಿಟ್ಟಿದ್ದಾರೆ, ಎಂಥ ದೊಡ್ಡ ಮನುಷ್ಯರು ಅಂದುಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎದ್ದು ಹೋಗಿ ನೀರು ಕುಡಿದು ಬಂದಳು.

ಆಮೇಲೆ ಶಿವಕಿರಣನ ಲಾಗು ತೆಗೆದಳು. ಮೊದಲನೇ ಸಾಲು. ಎಂಟು ಗಂಟೆ ಒಂದು ನಿಮಿಷ. ಪ್ರಭುಸ್ವಾಮಿಯವರ ಕಾಲ್‌ಸೈನ್. ಕೊಟ್ಟದ್ದು ಒಂದು, ಬಂದದ್ದು ಒಂದು.

ಮೈಯೆಲ್ಲ ಉರಿದುಹೋಯಿತು. ಮುಂದಿನ ಸಾಲು ನೋಡಲೇ ಇಲ್ಲ. ಹಾಳೆ ಮಡಚಿ ಚೀಲಕ್ಕೆ ತುರುಕಿ, ಭಾನುವಾರ ಬರಲಿ ಅಂತ ಹಲ್ಲು ಕಚ್ಚಿಕೊಂಡು ಕಾದಳು.

ಭಾನುವಾರ ಬಂತು, ಬೈದದ್ದೂ ಆಯಿತು. ಅವಳು ಬೈಯುವಾಗ ರೂಮಿನಲ್ಲಿದ್ದವರೆಲ್ಲ ನೆಲ ನೋಡುತ್ತಿದ್ದರು. ಸಿದ್ದಲಿಂಗಸ್ವಾಮಿ ಮಾತ್ರ ಒಂದು ಸಲ, "ಹೋಗ್ಲಿ ಬುಡಿ ಗಿರಿಜಮ್ಮನೋರೇ, ದೊಡ್ಡದು ಮಾಡ್ಬೇಡಿ," ಅಂದರು. ಸದಾಶಿವಯ್ಯ ಮೇಷ್ಟ್ರು ಫ್ಯಾನು ನೋಡುತ್ತಾ ಕೆಮ್ಮಿದರು. ಗಿರಿಜಾಂಬಾ ಬರೆದುಕೊಂಡೇ ಬಂದಿದ್ದ ನೋಟಿಸನ್ನು ತನ್ನ ಕೈಯಾರೆ ಬೋರ್ಡಿಗೆ ಚುಚ್ಚಿದಳು. ಶಿವಕಿರಣನ ಲಾಗು ಸುಳ್ಳು, ಆದ್ದರಿಂದ ಹೊರಗೆ, ಕೆಳಗೆ ಅವಳ ರುಜು. ಅದನ್ನು ಓದಿದವರಲ್ಲಿ ಅವನ ಕಾರ್ಖಾನೆಯವರೇ ನಾಲ್ಕು ಜನ ಇದ್ದರು. ಸೋಮವಾರದ ಹೊತ್ತಿಗೆ ಅಲ್ಲಿನ ಕ್ಯಾಂಟೀನಿಗೆ ಸುದ್ದಿ ಹೋಗುತ್ತೆ, ಹೋಗಲಿ ಅಂತಲೇ ಅವಳಿಗೂ ಇತ್ತು. ಶಿವಕಿರಣ ನೋಟಿಸನ್ನು ಪೂರ್ತಿ ಓದಿ, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ಗಿರಿಜಾಂಬಾ ಮನೆಗೆ ಬಂದು ಶಿವಕಿರಣನ ಮೇಲಿನ ಕೋಪವನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡಳು. ಅತ್ತೆ ಬಸಮ್ಮ ಹಜಾರದಲ್ಲಿ ಕೂತು, ನೆನೆಹಾಕಿದ್ದ ಅವರೆಕಾಳನ್ನು ಹಿತುಕುತ್ತಿದ್ದರು. ಎಪ್ಪತ್ತನಾಲ್ಕು ವರ್ಷ, ಹಣೆಯಲ್ಲಿ ವಿಭೂತಿ, ಕಿವಿ ಚುರುಕು.

"ಯಾರ ಮೇಲಮ್ಮ ಇಷ್ಟೊಂದು ಸಿಟ್ಟು?"

"ಆ ಶಿವಕಿರಣ. ಸ್ಪರ್ಧೆ ದಿನ ಎಂಟು ಗಂಟೆಗೆ ನಿಮ್ಮ ಮಗನ ಜೊತೆ ಮಾತಾಡ್ದೆ ಅಂತ ಬರ್ಕೊಂಡಿದ್ದಾನೆ. ಐದು ಅಂಕದ ಆಸೆಗೆ. ಎಲ್ಲರ ಮುಂದೆ ನೀರಿಳಿಸಿ ಬಂದೆ."

ಬಸಮ್ಮನ ಬೆರಳು ನಿಂತವು. "ಅವನು ಸುಳ್ಳು ಬರ್ದಿಲ್ಲ ಕಣಮ್ಮ," ಅಂದರು. "ಮಾತಾಡಿದ್ದು ನಾನೇ."

ಗಿರಿಜಾಂಬಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ನೀನು ಡ್ಯೂಟಿಗೆ ಹೋಗಿದ್ದೆ. ಮೂರು ತಿಂಗಳಿಂದ ಮನೆ ಬಿಕೋ ಅಂತಿತ್ತಲ್ಲ. ಆವತ್ತು ಎಲ್ಲರೂ ಮಾತಾಡ್ತಾರೆ, ಕೇಳೋಣ ಅಂತ ಅವನ ಸೆಟ್ ಹಾಕ್ದೆ. ಹಾಕಿ ಒಂದು ಗಳಿಗೆ ಆಗಿಲ್ಲ, ಪಾಪಾ ಸಿಯೆರಾ ವಾಷಿಂಗ್ಟನ್ ಅಂತ ಕರೆದ್ರು."

ಪ್ರಭುಸ್ವಾಮಿಯವರ ಕಾಲ್‌ಸೈನಿನ ಕೊನೆ ಮೂರಕ್ಷರ ಪಿ, ಎಸ್, ಡಬ್ಲ್ಯೂ; ರೇಡಿಯೋದಲ್ಲಿ ತಪ್ಪು ಕೇಳಬಾರದು ಅಂತ ಒಂದೊಂದಕ್ಷರಕ್ಕೂ ಒಂದು ಪದ ಹೇಳುವ ರೀತಿ ಅದು. ಲೋಕದಲ್ಲೆಲ್ಲ ಕೊನೆಯದಕ್ಕೆ ವಿಸ್ಕಿ ಅಂತಾರೆ. ಲಿಂಗಪೂಜೆ ಮಾಡೋ ಮನೆಯಲ್ಲಿ ಬೆಳಗಾಗೆದ್ದು ಆ ಹೆಸರು ಕೇಳಕೂಡದು ಅಂತ ಬಸಮ್ಮ ರಂಪ ಮಾಡಿದ್ದಕ್ಕೆ, ಮಗ ಅದನ್ನು ವಾಷಿಂಗ್ಟನ್ ಮಾಡಿಕೊಂಡಿದ್ದರು. ಅವರು, ಅವರನ್ನು ಕರೆಯುವವರು ಬಿಟ್ಟರೆ ಮೈಸೂರಲ್ಲಿ ಹಾಗನ್ನುವವರು ಬೇರೆ ಯಾರೂ ಇರಲಿಲ್ಲ.

"ಕರೆದ್ರೆ? ಕರೆದ್ರೆ ನೀವ್ಯಾಕೆ ಬಟನ್ ಒತ್ತಿದ್ರಿ ಅತ್ತೆ? ಲೈಸೆನ್ಸ್ ಇಲ್ದೋರು ಅದನ್ನ ಮುಟ್ಟಬಾರ್ದು ಅಂತ ಗೊತ್ತಿಲ್ವಾ ನಿಮಗೆ?"

"ನನ್ನ ಮಗನ ಹೆಸರು ಹಿಡಿದು ಕರೀತಾವ್ರೆ. ಮನೇಲಿ ನಾನಿದ್ದೀನಿ. ಕರೆದೋರಿಗೆ ಓ ಅನ್ನಬೇಡ್ವಾ?" ಬಸಮ್ಮನ ದನಿ ಗಡಸಾಯಿತು. "ಹನ್ನೊಂದು ವರ್ಷ ಕೇಳಿದ್ದೀನಿ. ಏನು ಹೇಳ್ಬೇಕು ಅಂತ ನಂಗೇನು ಬರಲ್ವಾ? ಅವನು ಹೇಳ್ದಂಗೇ ಹೇಳ್ದೆ. ಒಂದು ಕೊಟ್ಟೆ, ಒಂದು ಇಸ್ಕೊಂಡೆ. ಆಮೇಲೆ ಇನ್ನಿಬ್ರು ಕರೆದ್ರು, ಅವರಿಗೂ ಕೊಟ್ಟೆ. ಎರಡು, ಮೂರು. ಇನ್ನೂ ಹೇಳ್ತಿದ್ದೆ, ದನಿ ಬರ್ಲಿಲ್ಲ. ಆಫ್ ಮಾಡ್ಬುಟ್ಟೆ."

"ಇನ್ನಿಬ್ರು ಯಾರು?"

"ಒಬ್ಬ ನಮ್ಮ ಮಂಡಿ ಸಿದ್ದಲಿಂಗು. ಇನ್ನೊಬ್ಬರು ಮೇಷ್ಟ್ರು. ಅವರ ಕೆಮ್ಮು ಗೊತ್ತಾಗಲ್ವೇ?"

ಗಿರಿಜಾಂಬಾ ಎದ್ದವಳೇ ಲಾಗುಗಳನ್ನು ತಂದು ನೆಲದ ಮೇಲೆ ಹರಡಿದಳು. ಸಿದ್ದಲಿಂಗಸ್ವಾಮಿಯವರ ಒಂದನೇ ನಂಬರು ಎಲ್ಲಿ ಹೋಯಿತು ಅಂತ ಈಗ ಗೊತ್ತಾಯಿತು. ಈ ಮನೆಗೇ ಬಂದಿತ್ತು. ಮೇಷ್ಟ್ರದ್ದೂ ಇಲ್ಲಿಗೇ ಬಂದಿತ್ತು. ಕೊಟ್ಟವರಿಬ್ಬರೂ ಅದನ್ನು ಬಚ್ಚಿಟ್ಟು, ಎರಡರಿಂದ ಬರೆದು ಕಳಿಸಿದ್ದರು. ಆ ಖಾಲಿ ಜಾಗ ನೋಡಿ ಇವಳು ಕಣ್ಣೀರು ಬೇರೆ ಹಾಕಿದ್ದಳು. ಥೂ ನನ್ನ ಜನ್ಮಕ್ಕೆ ಅಂದುಕೊಂಡಳು.

ಶಿವಕಿರಣನ ಹಾಳೆ ತೆಗೆದಳು. ಆವತ್ತು ಕಣ್ಣಿಗೆ ಬೀಳದ್ದು ಈಗ ಬಿತ್ತು. ಒಟ್ಟು ನಲವತ್ತೊಂದು ಸಾಲು. ನಲವತ್ತರ ಮುಂದೆ ಒಂದೊಂದು ಅಂಕ ಹಾಕಿಕೊಂಡಿದ್ದ. ಮೊದಲನೇ ಸಾಲಿನ ಮುಂದೆ ಏನೂ ಹಾಕಿರಲಿಲ್ಲ. ಐದೂ ಇಲ್ಲ, ಒಂದೂ ಇಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಬರೆದು, ಅಂಕದ ಮನೆ ಖಾಲಿ ಬಿಟ್ಟಿದ್ದ. ಮೂವರಲ್ಲಿ ನೆಟ್ಟಗೆ ಬರೆದವನು ಅವನೊಬ್ಬನೇ. ಅವನ ಮುಖಕ್ಕೇ ಇವಳು ಉಗಿದು ಬಂದಿದ್ದಳು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ? ಅವಳಿಗೆ ಶಾಂತವೂ ಆಗಲಿಲ್ಲ. ಅತ್ತೆ ಮೇಲೆ ಸಿಟ್ಟು, ಆ ಇಬ್ಬರು ಹಿರಿಯರ ಮೇಲೆ ಸಿಟ್ಟು, ಎಲ್ಲಕ್ಕಿಂತ ತನ್ನ ಮೇಲೆ. ತಾಳೆ ನೋಡುವವಳು ತಾಳೆ ನೋಡದೇ ತೀರ್ಪು ಕೊಟ್ಟಿದ್ದಳು.

ಸೋಮವಾರ ರಜೆ ಹಾಕಿ, ಶಿಫ್ಟ್ ಬದಲಾಗುವ ಹೊತ್ತಿಗೆ ಮೇಟಗಳ್ಳಿಯ ಆ ಕಾರ್ಖಾನೆ ಗೇಟಿಗೇ ಹೋದಳು. ಶಿವಕಿರಣ ಸೈಕಲ್ ತಳ್ಳಿಕೊಂಡು ಬಂದ. ಅವನ ಹಿಂದೆ ಯಾರೋ, "ಏನಪ್ಪಾ, ಸತ್ತೋರ ಜೊತೆ ಮಾತಾಡ್ತೀಯಂತೆ, ನಮ್ಮಪ್ಪನ್ನೂ ವಿಚಾರ್ಸು," ಅಂದು ನಕ್ಕು ಹೋದರು. ಅವಳಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

"ತಪ್ಪಾಯ್ತಪ್ಪ," ಅಂದಳು. "ಅದು ನಮ್ಮತ್ತೆ. ಮಾತಾಡಿದ್ದು ನಮ್ಮತ್ತೆ. ನಂಗೆ ಗೊತ್ತಿರ್ಲಿಲ್ಲ."

ಶಿವಕಿರಣ ಸೈಕಲ್ ನಿಲ್ಲಿಸಿದ. "ಅಜ್ಜಿನಾ?" ಅಂದ. ಆಮೇಲೆ ಅವನ ಮುಖ ಬಿಗಿಯಿತು. "ಬೈದಿದ್ದು ಎಲ್ಲರ ಮುಂದೆ ಮೇಡಂ. ಇದನ್ನೂ ಎಲ್ಲರ ಮುಂದೆ ಹೇಳಿ." ಸೈಕಲ್ ಹತ್ತಿ ಹೋದ.

ಮುಂದಿನ ಭಾನುವಾರ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದಳು. ಬರಬೇಡಿ ಅಂದರೆ ಬಸಮ್ಮ ಕೇಳಲಿಲ್ಲ. ತಪ್ಪು ನಂದು, ಹೆಸರು ನಿಂದಾ ಅಂತ ಜಬರಿಸಿ, ಆ ಕಡಿದಾದ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದರು. ರೂಮು ತುಂಬಿತ್ತು. ಶಿವಕಿರಣ ಬಾಗಿಲ ಹತ್ತಿರ ನಿಂತಿದ್ದ, ಒಳಗೆ ಬಂದು ಕೂರಲಿಲ್ಲ.

ಗಿರಿಜಾಂಬಾ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹೇಳಿ ಮುಗಿಸಿ ಸಿದ್ದಲಿಂಗಸ್ವಾಮಿಯವರ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತು."

"ಅಯ್ಯೋ, ಅಜ್ಜಿ ಅಂತ ನಮಗೇನು ಗೊತ್ತು ಗಿರಿಜಮ್ಮನೋರೇ? ಇವನಿಗೆ ಉತ್ತರ ಬಂದಿದ್ದು ಕೇಳಿ ನೀವೇ ಅನ್ಕೊಂಡ್ವಿ, ಅದಕ್ಕೇ ನಾವೂ ಕರೆದ್ವಿ. ದನಿ ನಡುಗ್ತಿತ್ತು, ಪಾಪ, ದುಃಖ ತಡೀಲಾರ್ದೆ ಯಜಮಾನರ ಹೆಸರಲ್ಲಿ ಮಾತಾಡ್ತಾವ್ರೆ ಅಂತ. ಲಾಗಲ್ಲಿ ಬರೆದ್ರೆ ನಿಮಗೇ ತೊಂದ್ರೆ ಅಂತ ಬಿಟ್ವಿ. ನಿಮ್ಮ ಮರ್ಯಾದೆಗೆ."

ರೂಮಿನಲ್ಲಿ ಅರ್ಧ ಜನ ತಲೆ ಆಡಿಸಿದರು. ಅವರೂ ಕೇಳಿಸಿಕೊಂಡಿದ್ದರು ಅನ್ನೋದು ಅವಳಿಗೆ ಆಗ ತಿಳಿಯಿತು. ಇಡೀ ಕ್ಲಬ್ಬು ತನ್ನನ್ನು ಕಳ್ಳಿ ಅಂತ ತಿಳಿದುಕೊಂಡು, ಕಳ್ಳಿಯ ಮೇಲೆ ಕರುಣೆ ತೋರಿಸುತ್ತಾ ಕೂತಿತ್ತು.

"ನನ್ನ ಮರ್ಯಾದೆಗೆ," ಅಂದಳು. ದನಿ ಏರಿಸಲಿಲ್ಲ. "ಗಂಡನ ಅಂಕಾನೇ ಕಿತ್ತೋಳು ಸತ್ತ ಗಂಡನ ಹೆಸರಲ್ಲಿ ಕದ್ದು ಆಡ್ತಾಳೆ ಅಂತ ನಂಬಿದ್ರಿ. ಸರಿ, ನಂಬಿದ್ರಿ. ಹೋದ ಭಾನುವಾರ ಇದೇ ಜಾಗದಲ್ಲಿ ನಾನು ಇವನ ಮುಖಕ್ಕೆ ಉಗೀತಿದ್ನಲ್ಲ, ಆಗ ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ ಎಲ್ಲಾರೂ? ನಾನು ತಪ್ಪು ಮಾಡಿದ್ದೀನಿ ಅಂತ ನಿಮ್ಮ ಲೆಕ್ಕ. ಸುಳ್ಳ ಅನ್ನಿಸ್ಕೊಂಡಿದ್ದು ಇವನು. ನೋಡ್ಕೊಂಡು ಕೂತಿದ್ರಿ. ನನ್ನ ದುಃಖಕ್ಕೆ ಮರ್ಯಾದೆ ಕೊಡೋಕೆ ಇನ್ನೊಬ್ಬನ ಮರ್ಯಾದೆ ಬೇಕಾಯ್ತಾ ನಿಮಗೆ?"

ಸದಾಶಿವಯ್ಯ ಮೇಷ್ಟ್ರು ಕೆಮ್ಮಲಿಲ್ಲ. ಸಿದ್ದಲಿಂಗಸ್ವಾಮಿ ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡು, "ಇದು ಹೊರಗೆ ಹೋದ್ರೆ ನಿಮ್ಮ ಲೈಸೆನ್ಸಿಗೇ ಸಂಚಕಾರ. ಅಜ್ಜಿಗೂ ವಯಸ್ಸಾಗಿದೆ. ಇಲ್ಲಿಗೇ ಮುಚ್ಚಾಕೋಣ," ಅಂದರು.

"ಲೈಸೆನ್ಸ್ ಹೋದ್ರೆ ಹೋಗ್ಲಿ," ಅಂದಳು ಗಿರಿಜಾಂಬಾ. "ನಿಮ್ಮಿಬ್ಬರ ಲಾಗೂ ಹೊರಗೆ. ಆದದ್ದನ್ನ ಬಚ್ಚಿಟ್ಟಿದ್ದೀರಿ. ನಿಯಮ ಬರೆದೋರ ಹೆಂಡ್ತಿ ಹೇಳ್ತಿದ್ದೀನಿ."

ಬಸಮ್ಮ ಬಾಗಿಲ ಕಡೆ ನೋಡಿದರು. "ನೀನೇನಪ್ಪಾ ನನ್ನ ಮಗನ್ನ ಕರೆದೋನು?"

"ಹೌದಜ್ಜಿ."

"ಇಲ್ಲ ಅಂತ ಗೊತ್ತಿತ್ತಲ್ಲ. ಯಾಕಪ್ಪಾ ಕರೆದೆ?"

"ಮರೆತು ಕರೆದುಬುಟ್ಟೆ ಅಜ್ಜಿ. ಪ್ರತಿ ವರ್ಷ ಎಂಟು ಗಂಟೆಗೆ ಮೊದಲು ಸಾರನ್ನೇ ಕರೀತಿದ್ದೆ. ಗಡಿಯಾರ ನೋಡ್ದೆ, ಬಟನ್ ಒತ್ತಿದೆ, ಬಾಯಿಗೆ ಅದೇ ಬಂತು. ಕರೆದ ಮೇಲೆ ನೆನಪಾಯ್ತು. ನಾಲಿಗೆ ಕಚ್ಕೊಂಡೆ. ಅಷ್ಟರಲ್ಲಿ ಉತ್ತರ ಬಂತು."

ಬಸಮ್ಮ ಸೆರಗು ಬಾಯಿಗಿಟ್ಟುಕೊಂಡರು.

"ಮೇಡಂ ಅಂತಲೇ ನಾನೂ ತಿಳ್ಕೊಂಡೆ," ಅವನು ಗಿರಿಜಾಂಬಾಳನ್ನು ನೋಡಿ ಮುಂದುವರಿಸಿದ. "ಕೇಳಿದ್ದನ್ನ ಬಿಡೋ ಹಾಗಿಲ್ಲ, ಸಾರೇ ಹೇಳಿಕೊಟ್ಟಿದ್ದು. ಬರ್ದೆ. ನೋಡಿದ್ರೆ ನಿಮಗೇ ಅರ್ಥ ಆಗುತ್ತೆ, ನೀವೇ ಹೊಡೆದು ಹಾಕ್ತೀರಿ ಅನ್ಕೊಂಡಿದ್ದೆ. ನೀವು ಬೈಯೋಕೆ ಶುರು ಮಾಡಿದ್ರಿ. ಮಾತಾಡಿದ್ದು ನೀವೇ ಅಂತ ಎಲ್ಲರ ಮುಂದೆ ಹೇಗೆ ಹೇಳ್ಲಿ?"

"ಹೇಳ್ಬೇಕಿತ್ತು," ಅಂದಳು ಅವಳು. "ನನ್ನ ಕಾಪಾಡೋ ಕೆಲ್ಸ ನಿಂಗೆ ಯಾರು ಕೊಟ್ರು? ಹೇಳಿದ್ರೆ ಆವತ್ತೇ ಮುಗಿದುಹೋಗ್ತಿತ್ತು." ಅಷ್ಟು ಅಂದು ಅವನ ಕಡೆ ಒಂದು ಹೆಜ್ಜೆ ಇಟ್ಟಳು. "ಆದ್ರೆ ನಾನು ಮೊದ್ಲು ಕೇಳ್ಬೇಕಿತ್ತು. ಅದು ನಂದೇ ತಪ್ಪು. ಕ್ಷಮಿಸು."

ನೋಟಿಸು ಕೀಳಲು ಕೈ ಎತ್ತಿದಳು. ಶಿವಕಿರಣ ಒಳಗೆ ಬಂದ.

"ಅದು ಇರ್ಲಿ. ಅದನ್ನ ಓದಿದೋರು ಪಕ್ಕದಲ್ಲಿ ಇನ್ನೊಂದನ್ನೂ ಓದಲಿ. ಕ್ಷಮೆ ಬೇಡ ಮೇಡಂ. ನನ್ನ ಲಾಗಲ್ಲಿ ನಲವತ್ತೊಂದು ಸಾಲಿದೆ, ನೀವು ನೋಡಿದ್ದು ಒಂದು. ಎಲ್ಲಾ ತಾಳೆ ನೋಡಿ. ಈಗ್ಲೇ. ಎಲ್ಲರ ಮುಂದೆ, ಗಟ್ಟಿಯಾಗಿ."

ಸಿದ್ದಲಿಂಗಸ್ವಾಮಿ ಏನೋ ಹೇಳಹೋದರು. ಬಸಮ್ಮ ಅವರತ್ತ ಒಂದು ಸಲ ನೋಡಿದ್ದಕ್ಕೆ ಬಾಯಿ ಮುಚ್ಚಿದರು.

ಗಿರಿಜಾಂಬಾ ಮೇಜಿನ ಮುಂದೆ ಕೂತಳು. ಅವನ ಹಾಳೆ ಬಿಡಿಸಿ ಇಟ್ಟಳು, ಪಕ್ಕದಲ್ಲಿ ಉಳಿದವರ ಲಾಗುಗಳ ಕಂತೆ. ಸ್ಕೇಲು ತೆಗೆದಳು, ಕೆಂಪು ಪೆನ್ನು ತೆಗೆದಳು. ಶಿವಕಿರಣ ಎದುರಿನ ಕುರ್ಚಿಯಲ್ಲಿ ಕೂತು ಕಾದ. ಅವನ ಮುಖದಲ್ಲಿ ಕನಿಕರ ಇರಲಿಲ್ಲ. ಇರದೇ ಇದ್ದದ್ದೇ ಒಳ್ಳೆಯದಾಯಿತು ಅಂತ ಅವಳಿಗನ್ನಿಸಿತು.

"ಮೊದಲನೇ ಸಾಲು," ಅಂದಳು. ಗಂಡನ ಕಾಲ್‌ಸೈನನ್ನು ಒಂದೊಂದಕ್ಷರವಾಗಿ ಓದಿದಳು, ಕೊನೆಯದಕ್ಕೆ ವಾಷಿಂಗ್ಟನ್ ಅಂತಲೇ ಅಂದಳು. "ಈ ಕಾಲ್‌ಸೈನಿಗೆ ಈಗ ಲೈಸೆನ್ಸ್ ಇಲ್ಲ. ಉತ್ತರ ಕೊಟ್ಟದ್ದು ಬಸಮ್ಮ, ಲೈಸೆನ್ಸ್ ಇಲ್ಲದವರು. ನಡೆದದ್ದು ನಮ್ಮ ಮನೆಯಲ್ಲಿ, ಜವಾಬ್ದಾರಿ ನಂದು. ಬರೆದವನ ತಪ್ಪಿಲ್ಲ. ಈ ಸಾಲು ಲೆಕ್ಕಕ್ಕಿಲ್ಲ."

ಸ್ಕೇಲು ಇಟ್ಟಳು. ಕೈ ಒಂದು ಸಲ ನಿಂತಿತು.

"ಹೊಡೀ ಗಿರಿಜಾ," ಅಂದರು ಬಸಮ್ಮ.

ಗಂಡನ ಹೆಸರಿನ ಮೇಲೆ ಈ ತುದಿಯಿಂದ ಆ ತುದಿಗೆ ಕೆಂಪು ಗೆರೆ ಎಳೆದಳು. ಖಾಲಿ ಇದ್ದ ಅಂಕದ ಮನೆಯಲ್ಲಿ ಸೊನ್ನೆ ಬರೆದಳು. ಕಣ್ಣು ಒರೆಸಿಕೊಳ್ಳಲಿಲ್ಲ, ಹಾಳೆಯ ಮೇಲೆ ಬೀಳದ ಹಾಗೆ ಮುಖ ಸ್ವಲ್ಪ ಹಿಂದಕ್ಕೆ ತಗೊಂಡಳು ಅಷ್ಟೆ.

"ಎರಡನೇ ಸಾಲು," ಅಂದಳು.